ಹಸಿರು ತಂತಿಯ ಹಳದಿ ಗೆರೆ

ಫೆಬ್ರವರಿ 4, ಸೋಮವಾರ

ಬೈಯಬೇಕಾದವರನ್ನೆಲ್ಲ ಎದುರಿಗೇ ಬೈದರೆ ಕೆಲಸವೂ ಹೋಗುತ್ತದೆ, ಮನೆಯೂ ಹೋಗುತ್ತದೆ. ಅದಕ್ಕೆ ಇಲ್ಲಿ ಬೈಯುತ್ತೇನೆ. ಇದನ್ನು ಯಾರೂ ಓದುವುದಿಲ್ಲ. ಓದಿದರೆ ಅದು ಅವರ ಹಣೆಬರಹ.

ಕ್ಯಾಮೆರಾ ಬಂದವು. ನಾನು ಕೇಳಿದ್ದಲ್ಲ.

ನಮ್ಮ ಫ್ಯಾಕ್ಟರಿ ಗೀಸರ್‌ಗೆ ಹಾಕುವ ಪ್ಲಗ್ಗು, ವೈರು ಮಾಡುತ್ತದೆ. ಪ್ಲಗ್ಗಿನೊಳಗೆ ಮೂರು ತಂತಿ. ಕಂದು ತಂತಿಯಲ್ಲಿ ಕರೆಂಟು ಬರುತ್ತದೆ, ನೀಲಿಯಲ್ಲಿ ಹಿಂತಿರುಗುತ್ತದೆ. ಹಸಿರು ಮೈಯ ಮೇಲೆ ಹಳದಿ ಗೆರೆ ಇರುವುದು ಅರ್ಥಿಂಗಿನದು. ಕಂದೂ ಹಸಿರೂ ಅದಲುಬದಲಾದರೆ ಗೀಸರಿನ ಮೈಗೇ ಕರೆಂಟು ಬರುತ್ತದೆ, ಒದ್ದೆ ಕೈಯಲ್ಲಿ ಮುಟ್ಟಿದವರು ಮತ್ತೆ ಏಳುವುದಿಲ್ಲ. ಕೊನೆಯಲ್ಲಿ ಮಾಡುವ ಕರೆಂಟ್ ಪರೀಕ್ಷೆ ತಂತಿ ತುಂಡಾಗಿಲ್ಲ ತಾನೇ ಎಂದಷ್ಟೇ ನೋಡುತ್ತದೆ. ಯಾವ ಬಣ್ಣ ಯಾವ ಪಿನ್ನಿಗೆ ಎಂಬುದನ್ನು ಮುಚ್ಚಳ ಹಾಕುವ ಮೊದಲು ಯಾರಾದರೂ ಕಣ್ಣಿಟ್ಟು ನೋಡಲೇಬೇಕು. ಇಷ್ಟು ದಿನ ದೀಪದ ಕೆಳಗೆ ಸಾಲಾಗಿ ಕೂತ ಹೆಂಗಸರು ನೋಡುತ್ತಿದ್ದರು. ಇನ್ನು ಕ್ಯಾಮೆರಾ ನೋಡಬೇಕು. ಆ ಕ್ಯಾಮೆರಾ ಆರಿಸಿ ಕೂರಿಸುವುದು ನನ್ನ ಕೆಲಸ.

ಚಿತ್ರ ಮೂಡಿಸುವ ಅಡ್ಡಗೆರೆಗಳನ್ನೆಲ್ಲ ಒಂದೇ ಏಟಿಗೆ ಹಿಡಿಯುವ ಕ್ಯಾಮೆರಾ ಬೇಕು ಎಂದು ಬರೆದುಕೊಟ್ಟಿದ್ದೆ. ಬಂದದ್ದು ಹಳೆಯ ಬಗೆಯದು. ಒಂದು ಬಿಟ್ಟು ಒಂದರಂತೆ ಅರ್ಧ ಗೆರೆ ಮೊದಲು ಹಿಡಿಯುತ್ತದೆ, ಮಿಕ್ಕ ಅರ್ಧ ಆಮೇಲೆ. ನಿಂತ ವಸ್ತುವಿಗೆ ಚಿಂತೆಯಿಲ್ಲ. ಪ್ಲಗ್ಗು ಹೊತ್ತು ಸಾಗುವ ನಮ್ಮ ಬೆಲ್ಟು ನಿಲ್ಲುವುದಿಲ್ಲ.

ಖರೀದಿ ವಿಭಾಗದ ಅಧಿಕಾರಿಗೆ ನಾವು ಬೆಲ್ಲದಚ್ಚು ಎಂದು ಹೆಸರಿಟ್ಟಿದ್ದೇವೆ. ಬಾಯಿ ತೆರೆದರೆ ಸಿಹಿ. “ಕ್ಯಾಮೆರಾ ಅಂದ್ಮೇಲೆ ಎಲ್ಲಾ ಫೋಟೋ ತೆಗೆಯುತ್ತೆ ತಾನೇ ಮೇಡಂ. ಮುಚ್ಚಿಹೋದ ಕಂಪನಿ ಮಾಲು, ಡಬ್ಬ ಕೂಡ ಒಡೆದಿಲ್ಲ” ಎಂದರು.

“ಇದಕ್ಕೆ ಒಪ್ಪಿದ್ದು ಯಾರು?”

“ನಿಮ್ಮ ಮನೆಯವರನ್ನೇ ಕೇಳಿ.”

ನಮ್ಮ ಮನೆಯವರು ಅಂದರೆ ಇವರು, ಪ್ಲಗ್ ಜೋಡಣೆ ವಿಭಾಗದ ಮುಖ್ಯಸ್ಥರು. ಒಂದೇ ಫ್ಯಾಕ್ಟರಿ, ಒಂದೇ ಬಸ್ಸು, ಒಂದೇ ಮನೆ. ನನಗೆ ಸುದ್ದಿ ಬೆಲ್ಲದಚ್ಚಿನ ಬಾಯಿಂದ.

ಸಂಜೆ ಇವರು ಶೂ ಬಿಚ್ಚುವಾಗ ಕೇಳಿದೆ. “ಫ್ಯಾಕ್ಟರಿ ವಿಷಯ ಮನೆಗೆ ತರಬಾರದು ಅಂತ ನೀನೇ ಅಲ್ವಾ ಹೇಳಿದ್ದು?” ಎಂದರು.

“ಫ್ಯಾಕ್ಟರೀಲೂ ಹೇಳ್ಲಿಲ್ವಲ್ಲ.”

“ಹೇಳಿದ್ರೆ ನೀನು ಒಪ್ತಿರ್ಲಿಲ್ಲ.”

ಅದೇ ಸಾಕಷ್ಟು ದೊಡ್ಡ ಕಾರಣ ಎಂಬಂತೆ ಇನ್ನೊಂದು ಶೂ ಬಿಚ್ಚಿದರು. ಒಳಗೆ ಇವರ ಅಮ್ಮ ಟಿವಿಯ ಸದ್ದು ಜಾಸ್ತಿ ಮಾಡಿದರು.

ಫೆಬ್ರವರಿ 6, ಬುಧವಾರ

ಮೊದಲ ಚಿತ್ರಗಳು ಬಂದವು. ತಂತಿಗಳ ಅಂಚು ಬಾಚಣಿಗೆ ಹಲ್ಲಿನಂತಿದೆ. ಅರ್ಧ ಗೆರೆ ಹಿಡಿದು ಮಿಕ್ಕ ಅರ್ಧ ಹಿಡಿಯುವಷ್ಟರಲ್ಲಿ ಪ್ಲಗ್ಗು ಮುಂದಕ್ಕೆ ಜರುಗಿರುತ್ತದೆ. ಒಂದೇ ತಂತಿ ಎರಡು ಕಡೆ ಕಾಣುತ್ತದೆ.

ಎರಡನೆಯ ಅರ್ಧವನ್ನು ಬಿಸಾಕಿ ನೋಡಿದೆ. ಹಲ್ಲು ಹೋಯಿತು, ಜೊತೆಗೆ ಹಳದಿ ಗೆರೆಯೂ ಹೋಯಿತು. ಅಷ್ಟು ಸಣ್ಣ ಗೆರೆ ಅರ್ಧ ಚಿತ್ರದಲ್ಲಿ ಎಲ್ಲಿಂದ ಉಳಿಯಬೇಕು.

ಬಣ್ಣದ ಕಥೆ ಇನ್ನೂ ಚೆಂದ. ಈ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್ಪು ಒಂದೇ. ಚಿಪ್ಪಿನ ಮೇಲಿನ ಒಂದೊಂದು ಚುಕ್ಕೆಗೂ ಕೆಂಪೋ ಹಸಿರೋ ನೀಲಿಯೋ ಒಂದು ಕನ್ನಡಕ. ಪ್ರತಿ ಚುಕ್ಕೆಯೂ ಒಂದೇ ಬಣ್ಣ ಅಳೆಯುತ್ತದೆ, ಮಿಕ್ಕ ಎರಡನ್ನು ಅಕ್ಕಪಕ್ಕದ ಚುಕ್ಕೆಗಳಿಂದ ಊಹಿಸುತ್ತದೆ. ಅಗಲವಾದ ವಸ್ತುವಿಗೆ ಊಹೆ ಸರಿ ಬರುತ್ತದೆ. ಸಣ್ಣ ಗೆರೆಗೆ ತಲೆಕೆಡುತ್ತದೆ. ಅದೇ ಹಸಿರು ತಂತಿ ಒಮ್ಮೆ ಕಂದಾಗಿ, ಒಮ್ಮೆ ನೇರಳೆಯಾಗಿ ಬರುತ್ತಿದೆ.

ಅರ್ಧ ನೋಡುವುದು, ಮಿಕ್ಕಿದ್ದನ್ನು ಅಕ್ಕಪಕ್ಕದವರನ್ನು ಕೇಳಿ ಊಹಿಸುವುದು. ನಮ್ಮ ಆಡಳಿತ ಕಚೇರಿಯನ್ನೇ ಡಬ್ಬದಲ್ಲಿ ತುಂಬಿ ಕಳಿಸಿದಂತಿದೆ.

ಫೆಬ್ರವರಿ 11, ಸೋಮವಾರ

ಕ್ಯಾಮೆರಾ ಸರಿಯಿದ್ದ ಪ್ಲಗ್ಗುಗಳನ್ನೇ ತಪ್ಪು ಎಂದು ಎತ್ತಿ ಬಿಸಾಡುತ್ತಿದೆ. ಬೆಲ್ಟಿನ ಪಕ್ಕದ ಬುಟ್ಟಿ ತುಂಬಿ ನೆಲಕ್ಕೆ ಚೆಲ್ಲಿತು. ಎಲ್ಲರ ಮುಂದೆ ಇವರು, “ಮೇಡಂ, ನಿಮ್ಮ ಕಣ್ಣಿಗೆ ಏನಾಗಿದೆ?” ಎಂದರು. ಫ್ಯಾಕ್ಟರಿಯಲ್ಲಿ ನಾನು ಮೇಡಂ. ಜೋಡಿಸುವವರು ನಕ್ಕರು.

“ಒಂದೊಂದು ಪ್ಲಗ್ಗಿಗೂ ಬೆಲ್ಟು ಒಂದು ಕ್ಷಣ ನಿಲ್ಲಲಿ. ಎಲ್ಲಾ ಸರಿ ಹೋಗುತ್ತೆ” ಎಂದೆ.

“ಬೆಲ್ಟು ನಿಲ್ಲಿಸೋಕೆ ಕ್ಯಾಮೆರಾ ಯಾಕೆ ಬೇಕು? ನಾನೇ ಅಡ್ಡ ಮಲಗ್ತೀನಿ.”

ಮತ್ತೆ ನಗು. ಸಂಜೆ ಬಸ್ಸಿನಲ್ಲಿ ಇವರು ಕಿಟಕಿ ಪಕ್ಕದ ಜಾಗ ನನಗೇ ಬಿಟ್ಟರು. ಅದೇ ಕ್ಷಮಾಪಣೆ ಅಂತೆ. ನಾನು ನಿಂತೇ ಬಂದೆ.

ಫೆಬ್ರವರಿ 20, ಬುಧವಾರ

ದೊಡ್ಡವರ ಕೋಣೆಯಲ್ಲಿ ಸಭೆ. ದೊಡ್ಡವರು ಎಂದರೆ ಫ್ಯಾಕ್ಟರಿಯ ಮೇಲ್ವಿಚಾರಣೆ ಎಲ್ಲ ಅವರದೇ. ದನಿ ಏರಿಸುವುದೇ ಇಲ್ಲ. ಅದಕ್ಕೇ ಹೆದರಿಕೆ.

“ಬಣ್ಣದ್ದೇ ತೊಂದರೆ ಅಂದ್ರೆ ಕಪ್ಪು ಬಿಳುಪಲ್ಲಿ ನೋಡಿ” ಎಂದು ಬೆಲ್ಲದಚ್ಚು ಸಲಹೆ ಕೊಟ್ಟರು. ಪರದೆಯ ಮೇಲೆ ತೋರಿಸಿದೆ. ಬಣ್ಣ ತೆಗೆದರೆ ಹಸಿರು ತಂತಿಯೂ ಕಂದು ತಂತಿಯೂ ಒಂದೇ ಬೂದು. “ಯಾವುದು ಯಾವುದು ಹೇಳಿ” ಎಂದೆ. ಬೆಲ್ಲದಚ್ಚು ಕನ್ನಡಕ ಒರೆಸಿಕೊಂಡರು.

“ಹೆಂಗಸ್ರು ನೋಡ್ತಿದ್ದಾಗ ತಪ್ಪೇ ಆಗ್ತಿರ್ಲಿಲ್ವಾ?” ದೊಡ್ಡವರು ಕೇಳಿದರು.

“ಆಗ್ತಿತ್ತು. ಆದ್ರೆ ಗೊತ್ತಾಗದಿದ್ರೆ ಪಕ್ಕದವಳಿಗೆ ತೋರಿಸೋರು. ಇದು ಗೊತ್ತಿಲ್ಲ ಅನ್ನೋದೇ ಇಲ್ಲ.”

“ಎರಡು ದಾರಿ ಇದೆ ಅಂದ್ರಿ. ಹೊಸ ಕ್ಯಾಮೆರಾ, ಇಲ್ಲಾ ಬೆಲ್ಟು ನಿಲ್ಲಿಸೋದು. ಎರಡೂ ಆಗಲ್ಲ. ಮೂರನೇದು ಹುಡುಕಿ.”

ಇವರು ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು. ಒಂದು ಮಾತು ಆಡಲಿಲ್ಲ.

ಫೆಬ್ರವರಿ 27, ಬುಧವಾರ

ಬುಟ್ಟಿ ಖಾಲಿ. ನಿನ್ನೆಯಿಂದ ಸರಿಯಾದ ಪ್ಲಗ್ಗು ಒಂದೂ ಬಿದ್ದಿಲ್ಲ. ದೀಪ ಬದಲಾಯಿಸಿ ಓರೆಯಾಗಿ ಬೆಳಕು ಬಿಟ್ಟಿದ್ದು ಕೆಲಸ ಮಾಡಿತು. ದೊಡ್ಡವರು ಕೇಕ್ ತರಿಸಿದರು. ಇವರು ಎಲ್ಲರೆದುರು ಕೈಕುಲುಕಿದರು, ಮೇಡಂ ಎನ್ನುತ್ತಲೇ. ಸಂಜೆ ಎರಡು ನಿಲ್ದಾಣ ಮೊದಲೇ ಇಳಿದು ಇಬ್ಬರೂ ನಡೆದುಕೊಂಡು ಬಂದೆವು. ಇವತ್ತು ಬೈಯಲು ಯಾರೂ ಇಲ್ಲ.

ಮಾರ್ಚ್ 2, ಶನಿವಾರ

ದೀಪ ಅಲ್ಲ.

ಮಧ್ಯಾಹ್ನ ಬೆಲ್ಟು ಖಾಲಿಯಿದ್ದಾಗ, ಸುಮ್ಮನೆ ಖಾತ್ರಿಗೆಂದು, ನಾನೇ ಕಂದು ಹಸಿರು ಅದಲುಬದಲು ಮಾಡಿ ಜೋಡಿಸಿದ ಪ್ಲಗ್ಗನ್ನು ಇಟ್ಟೆ. ಹಸಿರು ದೀಪ ಹೊತ್ತಿತು. ಸರಿಯಿದೆ ಎಂದಿತು ಕ್ಯಾಮೆರಾ. ಮತ್ತೊಮ್ಮೆ ಇಟ್ಟೆ. ಸರಿಯಿದೆ. ಮೂರೂ ತಂತಿ ತಪ್ಪಾಗಿ ಜೋಡಿಸಿ ಇಟ್ಟೆ. ಅದೂ ಸರಿಯಿದೆ. ನನ್ನ ಕೈಬೆರಳು ಇಟ್ಟಿದ್ದರೂ ಸರಿಯಿದೆ ಎನ್ನುತ್ತಿತ್ತು.

ಬಣ್ಣ ಎಷ್ಟರ ಮಟ್ಟಿಗೆ ಬೇರೆಯಾದರೆ ತಪ್ಪು ಎನ್ನಬೇಕು ಎಂಬುದಕ್ಕೆ ಒಂದು ಮಿತಿ ಇಟ್ಟಿರುತ್ತೇನೆ. ಆ ಮಿತಿಯನ್ನು ಯಾರೋ ಪೂರ್ತಿ ಸಡಿಲ ಬಿಟ್ಟಿದ್ದಾರೆ. ಅದನ್ನು ಮುಟ್ಟಲು ನನ್ನ ಪಾಸ್‌ವರ್ಡ್ ಬೇಕು. ಮದುವೆಗೆ ಮೊದಲು ಇವರು ನನ್ನನ್ನು ಕರೆಯುತ್ತಿದ್ದ ಹೆಸರು ಅದು. ಜಗತ್ತಿನಲ್ಲಿ ಇನ್ನೊಬ್ಬರಿಗೆ ಗೊತ್ತಿಲ್ಲ.

ರಾತ್ರಿ ಇವರು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು.

“ಮಿತಿ ಬದಲಾಯಿಸಿದ್ದು ನೀವಾ?”

“ಹೂಂ.”

ಅಷ್ಟೇ. ಅಲ್ಲ ಎಂದು ಒಂದು ಸುಳ್ಳಾದರೂ ಹೇಳಬಹುದಿತ್ತು, ಅದಕ್ಕೂ ನಾನು ಯೋಗ್ಯಳಲ್ಲ.

“ನನ್ನ ಕೈಲಿ ಕೇಕ್ ಕಟ್ ಮಾಡಿಸಿದ್ರಿ.”

“ಜೋಡಿಸೋರು ತಪ್ಪು ಮಾಡೋದು ಅಪರೂಪ ಕಣೇ. ಸಾವಿರದಲ್ಲಿ ಒಂದು ಕೂಡ ಇರಲ್ಲ.”

“ಆ ಒಂದು ಯಾರ ಬಚ್ಚಲುಮನೆಗೆ ಹೋಗುತ್ತೆ?”

ನಲ್ಲಿ ನಿಲ್ಲಿಸಿದರು. ಕೈ ತುಂಬ ನೊರೆ. “ವಿಭಾಗ ಮುಚ್ತೀವಿ ಅಂದ್ರು. ಅಷ್ಟೂ ಜನ ಮನೆಗೆ ಹೋಗ್ತಿದ್ರು. ನಾನೇನು ಮಾಡ್ಬೇಕಿತ್ತು?”

“ನನ್ನ ಹತ್ರ ಹೇಳ್ಬೇಕಿತ್ತು.”

ಕೈಯಲ್ಲಿದ್ದ ಲೋಟ ತೊಳೆದದ್ದೇ ಆದರೂ ಇನ್ನೊಮ್ಮೆ ತೊಳೆದರು. ಅಲ್ಲೇ ನಿಂತಿದ್ದರೆ ಅದನ್ನು ಕಸಿದು ಗೋಡೆಗೆ ಎಸೆಯುತ್ತಿದ್ದೆ. ಹೊರಗೆ ಬಂದೆ.

ಮಾರ್ಚ್ 4, ಸೋಮವಾರ

ಪಾಸ್‌ವರ್ಡ್ ಬದಲಾಯಿಸಿದೆ. ಮಿತಿಯನ್ನು ಮೊದಲಿನಂತೆ ಬಿಗಿ ಮಾಡಿದೆ. ಬುಟ್ಟಿ ಮತ್ತೆ ತುಂಬಿತು. ತುಂಬಲಿ.

ದೊಡ್ಡವರ ಬಳಿ ಹೋಗಿ ಎಲ್ಲವನ್ನೂ ಹೇಳಿದೆ, ಗಂಡ ಎಂದು ನೋಡದೆ ಹೇಳಿದೆ. ಅವರ ಮುಖದ ಮೇಲೆ ಒಂದು ಗೆರೆ ಅಲುಗಲಿಲ್ಲ.

“ಸ್ವಲ್ಪ ಸಡಿಲ ಮಾಡಿ ಅಂತ ಹೇಳಿದ್ದು ನಾನೇ. ಸ್ವಲ್ಪ ಅಂದ್ರೆ ಎಷ್ಟು ಅಂತ ನಿಮ್ಮ ಯಜಮಾನರಿಗೆ ಬಿಟ್ಟಿದ್ದೆ.”

“ನಾಲ್ಕೈದು ದಿನದ ಮಾಲು ಹಾಗೇ ಹೋಗಿದೆ. ಗೋದಾಮಲ್ಲಿ ಇರೋದನ್ನ ತಡೀರಿ. ಲಾರೀಲಿ ಹೋಗಿರೋದನ್ನ ವಾಪಸ್ ಕರೆಸಿ.”

“ಗಂಡ ಹೆಂಡ್ತಿ ಜಗಳಕ್ಕೆ ನನ್ನ ಲಾರಿ ಯಾಕಮ್ಮ?”

ಅಮ್ಮ ಅಂತೆ. ಬಾಗಿಲನ್ನು ದಡಾರನೆ ಎಳೆದುಕೊಂಡು ಬಂದೆ.

ಮಾರ್ಚ್ 5, ಮಂಗಳವಾರ

ಹಿಂದೆ ಕಣ್ಣಲ್ಲಿ ನೋಡುತ್ತಿದ್ದ ಹೆಂಗಸರು ಈಗ ಡಬ್ಬ ಕಟ್ಟುವ ವಿಭಾಗದಲ್ಲಿದ್ದಾರೆ. ಕ್ಯಾಮೆರಾ ಬಂದಿದ್ದರಿಂದಲೇ ಅಲ್ಲಿಗೆ ಹೋದದ್ದು, ಅಂದರೆ ನನ್ನಿಂದ. ಅವರಲ್ಲಿ ಹಿರಿಯವಳನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ಹೋಗಿ ವಿಷಯ ಹೇಳಿದೆ. ಗೋದಾಮಿನ ಮಾಲನ್ನು ಬಿಚ್ಚಿ ನೋಡಬೇಕು, ಮೇಲಿನಿಂದ ಅಪ್ಪಣೆ ಇಲ್ಲ ಎಂದೂ ಹೇಳಿದೆ.

“ಈಗ ನಮ್ಮ ಕಣ್ಣು ಬೇಕಾಯ್ತಾ?” ಅಂಟುಪಟ್ಟಿ ಹರಿಯುತ್ತಲೇ ಕೇಳಿದಳು ಅಕ್ಕ.

“ಬೇಕು.”

“ನಮ್ಮ ಕುರ್ಚಿ ಎತ್ತಿಸಿದ ದಿನ ನೀವು ಈ ಕಡೆ ತಿರುಗೂ ನೋಡ್ಲಿಲ್ಲ.”

“ನೋಡ್ಲಿಲ್ಲ.”

ಇನ್ನಷ್ಟು ಬೈದಳು. ತಡೆಯಲಿಲ್ಲ. ಊಟದ ಬಿಡುವಿನಲ್ಲಿ ಎಲ್ಲರನ್ನೂ ಕರೆದುಕೊಂಡು ಗೋದಾಮಿಗೆ ಬಂದಳು. ನನ್ನ ಜೊತೆ ಮಾತಿಲ್ಲ. ಅವರವರಲ್ಲೇ ಹರಟೆ, ಕೈ ಮಾತ್ರ ಮುಚ್ಚಳ ಬಿಚ್ಚುತ್ತಲೇ ಇತ್ತು. ನಾನೂ ಕೂತು ಬಿಚ್ಚಿದೆ. ನನ್ನ ಕೈಗೇ ಸಿಕ್ಕಿತು ಮೊದಲನೆಯದು. ಕಂದು ಇರಬೇಕಾದಲ್ಲಿ ಹಸಿರು, ಅದರ ಮೈಮೇಲೆ ಹಳದಿ ಗೆರೆ. ಬರಿಗಣ್ಣಿಗೆ ಎಷ್ಟು ಚೆನ್ನಾಗಿ ಕಾಣುತ್ತದೆ. ಅಕ್ಕ ಅದನ್ನು ತೆಗೆದುಕೊಂಡು ಎಲ್ಲರಿಗೂ ತೋರಿಸಿದಳು. ಹರಟೆ ನಿಂತಿತು.

ಲಾರಿಯಲ್ಲಿ ಹೋದ ಮಾಲಿನ ವಿಷಯ, ನಮ್ಮ ಪ್ಲಗ್ಗು ಕೊಳ್ಳುವ ಗೀಸರ್ ಕಂಪನಿಗೆ ನಾನೇ ಫೋನ್ ಮಾಡಿ ಹೇಳಿದೆ. ಬಳಸಬೇಡಿ, ಬಿಚ್ಚಿ ನೋಡಿ ಎಂದೆ. ಹೆಸರು ಕೇಳಿದರು. ಕೊಟ್ಟೆ.

ಮಾರ್ಚ್ 7, ಗುರುವಾರ

ಅವರು ಭಾವನ ಮನೆಗೆ ಹೋಗಿದ್ದಾರೆ. ನಾನು ಹೋಗಿ ಎನ್ನಲಿಲ್ಲ, ಇರಿ ಎಂದೂ ಅನ್ನಲಿಲ್ಲ. ಒಂದು ಚೀಲ ತೆಗೆದುಕೊಂಡು ಹೋದರು.

ಅವರ ಅಮ್ಮನೂ ಹೋಗುತ್ತಾರೆ ಎಂದುಕೊಂಡಿದ್ದೆ. ಹೋಗಲಿಲ್ಲ. “ಅಲ್ಲಿ ಟಿವಿ ಚಿಕ್ಕದು” ಎಂದರು. ಆಮೇಲೆ, “ನನ್ನ ಮಗನ ಕೆಲಸಕ್ಕೆ ಕಲ್ಲು ಹಾಕಿದೆ ನೀನು” ಎಂದರು. ಅದನ್ನು ಹೇಳಿ ನನ್ನ ತಟ್ಟೆಗೆ ಬಡಿಸಿದರು.

ಮಾರ್ಚ್ 10, ಭಾನುವಾರ

ಅತ್ತೆ ಗೀಸರ್ ಹಾಕುತ್ತಿಲ್ಲ. ಮೂರ್ನಾಲ್ಕು ದಿನದಿಂದ ದೊಡ್ಡ ಪಾತ್ರೆಯಲ್ಲಿ ಒಲೆಯ ಮೇಲೆ ನೀರು ಕಾಯಿಸಿ ಬಚ್ಚಲಿಗೆ ಒಯ್ಯುತ್ತಿದ್ದಾರೆ. ನಮ್ಮ ಗೀಸರ್ ಬೇರೆ ಕಂಪನಿಯದು, ಹಳೆಯದು, ಅದಕ್ಕೇನೂ ಆಗಿಲ್ಲ ಎಂದು ಹೇಳಿದೆ. “ನಿನಗೆ ಬೇಕಾದ್ರೆ ಹಾಕ್ಕೋ” ಎಂದರು.

ಬೆಳಿಗ್ಗೆ ತಮ್ಮ ಬಟ್ಟೆ ಒಯ್ಯಲು ಅತ್ತೆಯ ಮಗ ಬಂದಿದ್ದರು, ಗಂಡ ಎಂದು ಬರೆಯಲು ಮನಸ್ಸಿಲ್ಲ. ಆ ಹೊತ್ತಿಗೇ ಅತ್ತೆ ಕೈಗೆ ಬಟ್ಟೆ ಸುತ್ತಿಕೊಂಡು ಪಾತ್ರೆ ಎತ್ತುತ್ತಿದ್ದರು.

“ಗೀಸರ್ ಕೆಟ್ಟಿದ್ಯಾ ಅಮ್ಮ?”

“ಕೆಟ್ಟಿಲ್ಲ.”

“ಮತ್ತೆ?”

“ದಾರಿ ಬಿಡು, ಬಿಸಿ ಇದೆ.”

ದಾರಿ ಬಿಟ್ಟರು. ಅತ್ತೆ ಬಚ್ಚಲಿನ ಬಾಗಿಲು ಹಾಕಿಕೊಂಡ ಮೇಲೂ ಅಲ್ಲೇ ನಿಂತಿದ್ದರು. ಆಮೇಲೆ ಬೀರುವಿನಿಂದ ಬಟ್ಟೆ ತೆಗೆದುಕೊಳ್ಳುವಾಗ ನನ್ನ ಕಡೆ ನೋಡಿದರೇನೋ. ನಾನು ನೋಡಲಿಲ್ಲ. ನನಗೇನೂ ಅನ್ನಿಸಲಿಲ್ಲ. ಬೂದು ಬಣ್ಣದ ಅಂಗಿ ಬಿಟ್ಟು ಹೋಗಿದ್ದಾರೆ. ಇಸ್ತ್ರಿ ಮಾಡಿ ಇಟ್ಟಿದ್ದೇನೆ, ಬಟ್ಟೆ ರಾಶಿಯಲ್ಲಿ ಬಂತು ಅಂತ.

ಮಾರ್ಚ್ 14, ಗುರುವಾರ

ಲಾರಿಯ ಮಾಲಿನಲ್ಲೂ ತಪ್ಪು ಪ್ಲಗ್ಗುಗಳು ಸಿಕ್ಕಿವೆ. ಯಾವುದೂ ಗೀಸರಿಗೆ ಹೋಗಿರಲಿಲ್ಲ, ಯಾರ ಮನೆಗೂ ತಲುಪಿರಲಿಲ್ಲ. ಇದನ್ನು ಕೇಳಿ ಶೌಚಾಲಯಕ್ಕೆ ಹೋಗಿ ಅತ್ತುಬಿಟ್ಟೆ. ಮುಖ ತೊಳೆದು ಬಂದರೆ ದೊಡ್ಡವರಿಂದ ಕರೆ.

ಗೀಸರ್ ಕಂಪನಿಯವರು ಮಂಗಳವಾರ ವಿಚಾರಣೆಗೆ ಬರುತ್ತಾರಂತೆ. “ಮಿತಿ ಬದಲಾಗಿರೋದು ನಿಮ್ಮ ಹೆಸರಲ್ಲಿ” ಎಂದರು ದೊಡ್ಡವರು, ಅದೇ ತಣ್ಣನೆಯ ದನಿಯಲ್ಲಿ. “ನಿಮ್ಮ ಪಾಸ್‌ವರ್ಡ್. ನೀವೇ ಕೂರಿಸಿದ ಕ್ಯಾಮೆರಾ. ಅಲ್ಲೀವರೆಗೂ ಮನೇಲಿರಿ.”

“ಸ್ವಲ್ಪ ಸಡಿಲ ಮಾಡಿ ಅಂದಿದ್ದು ನೀವೇ ಅಂದ್ರಲ್ಲ.”

“ಯಾರಿಗೆ ಅಂದೆ?”

ಅದು ಹೀಗೆ. ಅತ್ತೆಯ ಮಗ ಸುಳ್ಳು ಹೇಳಬೇಕಾಗಿಯೂ ಇಲ್ಲ. ಸುಮ್ಮನಿದ್ದರೆ ಸಾಕು, ಎಲ್ಲ ನನ್ನ ತಲೆಗೆ ಬರುತ್ತದೆ. ಸುಮ್ಮನಿರುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಪೆನ್ನಿನ ಮುಚ್ಚಳ ತೆಗೆಯುತ್ತಾರೆ, ಹಾಕುತ್ತಾರೆ. ಹೋಗಲಿ ಎಲ್ಲ. ಕೆಲಸ ಹೋಗಲಿ, ಮನೆ ಹೋಗಲಿ. ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ ಪಕ್ಕ ಕೂತು ಬಂದ ಮನುಷ್ಯ. ಬರೆಯುತ್ತಾ ಕಾಗದ ಹರಿಯಿತು.

ಮಾರ್ಚ್ 16, ಶನಿವಾರ

ಇಡೀ ದಿನ ಮನೆ ತೊಳೆದೆ. ಕಿಟಕಿ, ಫ್ಯಾನು, ಬಾಗಿಲ ಮೂಲೆ. ಅತ್ತೆ ಏಣಿ ಹಿಡಿದುಕೊಂಡರು.

“ಅವನು ಹೇಳ್ತಾನೆ” ಎಂದರು ಕೆಳಗಿನಿಂದ.

“ಹೇಳಲ್ಲ.”

“ಹೇಳಲ್ಲ ಅಂತಲೇ ನಾನೂ ಅನ್ಕೊಂಡಿದೀನಿ. ನಿನ್ನ ಸಮಾಧಾನಕ್ಕೆ ಅಂದೆ.”

ಇಬ್ಬರಿಗೂ ನಗು ಬಂತು. ಯಾಕೆ ಎಂದು ಗೊತ್ತಿಲ್ಲ.

ಮಾರ್ಚ್ 19, ಮಂಗಳವಾರ

ಗೀಸರ್ ಕಂಪನಿಯಿಂದ ಒಬ್ಬಳೇ ಬಂದಿದ್ದಳು. ನನ್ನ ವಯಸ್ಸಿನವಳು, ಕತ್ತರಿಸಿದ ಕೂದಲು. ಮೇಜಿನ ಮೇಲೆ ತಪ್ಪು ಪ್ಲಗ್ಗುಗಳನ್ನು ಸಾಲಾಗಿ ಇಟ್ಟಳು. ದೊಡ್ಡವರು, ಬೆಲ್ಲದಚ್ಚು, ನಾನು. ಅವರು ಕೊನೆಯ ಕುರ್ಚಿಯಲ್ಲಿದ್ದರು. ಬೂದು ಅಂಗಿ ಇಲ್ಲದ್ದಕ್ಕೆ ಭಾವನ ಅಂಗಿ ಹಾಕಿಕೊಂಡಿದ್ದರು, ತೋಳು ಉದ್ದ.

ಕ್ಯಾಮೆರಾದ ವಿಷಯ ಕೇಳಿದಳು. ಹೇಳಿದೆ. ಅರ್ಧ ಅರ್ಧ ಹಿಡಿಯುವುದು, ಒಂದೇ ಚಿಪ್ಪಿನ ಊಹೆ, ಸಣ್ಣ ಗೆರೆ. ಮೂರು ಬಣ್ಣಕ್ಕೆ ಮೂರು ಬೇರೆ ಚಿಪ್ಪಿರುವ, ಎಲ್ಲ ಗೆರೆಯನ್ನೂ ಒಟ್ಟಿಗೆ ಹಿಡಿಯುವ ಕ್ಯಾಮೆರಾ ಬೇಕು ಎಂದೆ, ಅದು ಬರುವ ತನಕ ಬೆಲ್ಟು ನಿಲ್ಲಬೇಕು ಎಂದೆ. ತಲೆಯಾಡಿಸಿ ಬರೆದುಕೊಂಡಳು.

“ಮಿತಿ ಸಡಿಲಾಗಿದ್ದು ನಿಮ್ಮ ಹೆಸರಲ್ಲಿ ಅಲ್ವಾ?”

ನಾನು ಬಾಯಿ ತೆರೆಯುವ ಮೊದಲೇ ಕೊನೆಯ ಕುರ್ಚಿಯಿಂದ ಮಾತು ಬಂತು.

“ಅದು ನಾನು ಮಾಡಿದ್ದು. ಇವರಿಗೆ ಗೊತ್ತಿರ್ಲಿಲ್ಲ.”

“ಪಾಸ್‌ವರ್ಡ್ ಹೇಗೆ ಗೊತ್ತಿತ್ತು?”

“ನಾನು ಇವರ ಗಂಡ.”

ದೊಡ್ಡವರು ಕೆಮ್ಮಿದರು. ಅವಳು ಆ ಕಡೆ ನೋಡಲೇ ಇಲ್ಲ. “ಯಾರು ಮಾಡು ಅಂದಿದ್ದು?”

“ದೊಡ್ಡವರು ಸ್ವಲ್ಪ ಸಡಿಲ ಮಾಡು ಅಂದ್ರು. ವಿಭಾಗ ಮುಚ್ಚೋದಾಗಿ ಹೇಳಿದ್ರು. ಪೂರ್ತಿ ಬಿಟ್ಟಿದ್ದು ನಾನೇ.”

“ತಪ್ಪು ಪ್ಲಗ್ಗು ದಾಟಿ ಹೋಗುತ್ತೆ ಅಂತ ಗೊತ್ತಿತ್ತಾ?”

“ಹೆಂಡ್ತಿ ಮೊದಲಿಂದ್ಲೂ ಹೇಳ್ತಿದ್ಲು.”

“ನಂಬ್ಲಿಲ್ವಾ?”

“ನಂಬಿದ್ದೆ. ನಂಬಿದ್ದಕ್ಕೇ ಅವಳಿಗೆ ಹೇಳ್ದೆ ಮಾಡಿದ್ದು.”

ನನಗೆ ಎದ್ದು ಹೋಗಿ ಆ ಉದ್ದ ತೋಳು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಈ ಮಾತನ್ನು ಅಡುಗೆಮನೆಯಲ್ಲಿ, ನೊರೆ ಕೈಯಲ್ಲಿ ಹೇಳಲು ಏನಾಗಿತ್ತು? ಇಷ್ಟು ದಿನ ನಾನು ಒಬ್ಬಳೇ ಕೂತು ದ್ವೇಷ ಗಟ್ಟಿ ಮಾಡಿಕೊಂಡಿದ್ದೆ. ಅದನ್ನು ಈಗ ಎಲ್ಲಿ ಇಡಲಿ?

ನಿರ್ಧಾರ ಮಧ್ಯಾಹ್ನವೇ ಆಯಿತು. ಹೊಸ ಕ್ಯಾಮೆರಾ ಬರುವ ತನಕ ಒಂದೊಂದು ಪ್ಲಗ್ಗಿಗೂ ಬೆಲ್ಟು ನಿಲ್ಲುತ್ತದೆ, ಅಕ್ಕನೂ ಉಳಿದವರೂ ಮತ್ತೆ ಕೂತು ನೋಡುತ್ತಾರೆ. ಒಪ್ಪದಿದ್ದರೆ ಗೀಸರ್ ಕಂಪನಿ ನಮ್ಮಿಂದ ಮಾಲು ಕೊಳ್ಳುವುದಿಲ್ಲ. ದೊಡ್ಡವರು ಒಪ್ಪಿದರು. ಅವರ ಮೇಲೆ ಇನ್ನೂ ದೊಡ್ಡವರಿದ್ದಾರಂತೆ, ಅಲ್ಲಿಗೆ ಹೋಗಿ ಉತ್ತರ ಹೇಳಬೇಕಂತೆ. ಹೇಳಲಿ. ನನ್ನನ್ನು ನಾಳೆಯಿಂದ ಬರಲು ಹೇಳಿದರು. ಇವರಿಗೆ ನಾಳೆಯಿಂದ ಬರಬೇಡಿ ಎಂದರು.

ಬಸ್ ನಿಲ್ದಾಣದಲ್ಲಿ ಮೇಜಿನ ಸಾಮಾನಿನ ಪೆಟ್ಟಿಗೆ ಹಿಡಿದು ನಿಂತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ, ಬಸ್ಸು ಅಲ್ಲಿಗೇ ಬರುವುದು.

“ಮೊದಲೇ ಹೇಳ್ಬೇಕಿತ್ತು” ಎಂದೆ.

“ಹೂಂ.”

“ಹೂಂ ಅಂದ್ರೆ ಆಯ್ತಾ?”

“ಆಗಲ್ಲ.”

“ಆ ಕೇಕ್ ನೆನೆಸ್ಕೊಂಡ್ರೆ ಈಗಲೂ ಮೈ ಉರಿಯುತ್ತೆ.”

“ಉರಿಯುತ್ತೆ” ಎಂದರು. ಇವರದೂ ಉರಿಯುತ್ತದೆಯೋ, ನನ್ನದು ಉರಿಯುವುದು ನಿಜ ಎಂದರೋ, ತಿಳಿಯಲಿಲ್ಲ.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ನಾನು ಪಕ್ಕದಲ್ಲೇ ಕೂತೆ, ಬೇರೆ ಜಾಗ ಇರಲಿಲ್ಲ. ದಾರಿಯುದ್ದಕ್ಕೂ ಬೈದೆ. ಬೆಲ್ಲದಚ್ಚಿನಿಂದ ಶುರು ಮಾಡಿ ದೊಡ್ಡವರ ತನಕ, ಅಲ್ಲಿಂದ ಇವರ ತನಕ. ಇವರು ಒಂದಕ್ಕೂ ಎದುರಾಡಲಿಲ್ಲ. ಮುಂದಿನ ಸೀಟಿನ ಹೆಂಗಸು ಎರಡು ಸಲ ತಿರುಗಿ ನೋಡಿದಳು. ನನ್ನ ಕೋಪ ಇಳಿದಿಲ್ಲ. ಇಳಿಯುವಂಥದ್ದೂ ಅಲ್ಲ. ಅದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತಿದ್ದೇನೆ.

ಭಾವನ ಮನೆಯ ನಿಲ್ದಾಣ ಬಂತು. ಬಾಗಿಲು ತೆರೆದುಕೊಂಡಿತು, ಇಳಿಯುವವರು ಇಳಿದರು. ಇವರು ಏಳಲಿಲ್ಲ. ನಾನೂ ನೆನಪಿಸಲಿಲ್ಲ, ಬೈಯುವುದು ಇನ್ನೂ ಮುಗಿದಿರಲಿಲ್ಲ.